ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಸಂಘ ಸಂಸ್ಥೆಗಳು ಈಗಲೇ ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳು, ಗ್ರಂಥಾಲಯಗಳು, ಯಕ್ಷಗಾನ ಸಂಘಗಳು, ದೇವಸ್ಥಾನಗಳ ಸೇವಾ ಸಮಿತಿಗಳು ಸ್ವಂತ ಜಾಲತಾಣ ಮಾಡಿಕೊಂಡಿರುವುದು ಹೆಮ್ಮೆಯ ಸಂಗತಿ. ಆದರೆ ದೀಪ ಬೆಳಗಿಸಿ, ಗಣ್ಯರ ಕೈಯಿಂದ ಗುಂಡಿ ಒತ್ತಿಸಿ ಲೋಕಾರ್ಪಣೆ ಮಾಡಿದ ಇಂತಹ ತಾಣಗಳಲ್ಲಿ ಕೆಲವು ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ತೆರೆಯದಂತಾಗುವುದನ್ನು ನಾನು ನೋಡುತ್ತ ಬಂದಿದ್ದೇನೆ. ಹ್ಯಾಕ್ ಆಗಿರಬೇಕು, ಸರ್ವರ್ ಕೆಟ್ಟಿರಬೇಕು ಎಂದು ಜನ ಊಹಿಸುತ್ತಾರೆ. ವಿಚಾರಿಸಿದಾಗ ತಿಳಿದುಬರುವುದು ಬೇರೆಯೇ. ತಾಣದ ಕಡತಗಳೆಲ್ಲ ಇದ್ದಲ್ಲೇ ಸುರಕ್ಷಿತವಾಗಿರುತ್ತವೆ. ಅದರ ವಿಳಾಸ, ಅಂದರೆ ಡೊಮೇನ್, ಯಾವುದೋ ಒಂದು ಸಣ್ಣ ಕಚೇರಿ ಕೆಲಸ ಬಾಕಿಯಾದ ಕಾರಣಕ್ಕೆ ಸ್ಥಗಿತಗೊಂಡಿರುತ್ತದೆ. ಈ ವಿಷಯವನ್ನು ಗಡಿನಾಡಿನ ಕನ್ನಡ ಸಂಸ್ಥೆಗಳ ಪದಾಧಿಕಾರಿಗಳ ಗಮನಕ್ಕೆ ತರುವುದು ಅಗತ್ಯವೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಊರಿನ ಗ್ರಂಥಾಲಯದ ತಾಣ ಹೀಗೆ ನಿಂತದ್ದು ಫೆಬ್ರವರಿಯಲ್ಲಿ. ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವುದು ಮಾರ್ಚಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಹಳೆಯ ಪ್ರಶ್ನೆಪತ್ರಿಕೆಗಳು ಮಲಯಾಳಂ ಮಾಧ್ಯಮದವರಿಗೆ ಸಿಗುವಷ್ಟು ಸುಲಭವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಅಧ್ಯಾಪಕರು ಕೂಡಿಸಿಕೊಟ್ಟ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅದೇ ತಾಣದಲ್ಲಿ ಇರಿಸಲಾಗಿತ್ತು. ಅದರ ಜೊತೆಗೆ ಶಾಲೆಗಳ ಹಳೆಯ ಸ್ಮರಣ ಸಂಚಿಕೆಗಳು, ತಾಳಮದ್ದಳೆಯ ಆಮಂತ್ರಣ ಪತ್ರಗಳು, ಊರಿನ ಹಿರಿಯರ ಮನೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಕೈಬರಹದ ಯಕ್ಷಗಾನ ಪ್ರಸಂಗಗಳ ಛಾಯಾಪ್ರತಿಗಳು ಇದ್ದವು. ಒಂದು ಬೆಳಿಗ್ಗೆ ಆ ವಿಳಾಸ ಒತ್ತಿದವರಿಗೆ ಇವು ಯಾವುವೂ ಕಾಣಿಸಲಿಲ್ಲ. ಡೊಮೇನಿನ ಅವಧಿ ಮುಗಿದಿದೆ ಎಂಬ ಇಂಗ್ಲಿಷ್ ಸಾಲು, ಅದರ ಕೆಳಗೆ ಸಾಲಸೌಲಭ್ಯ ಮತ್ತು ಆನ್‌ಲೈನ್ ಆಟಗಳ ಜಾಹೀರಾತು ಮಾತ್ರ ಬಂದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಅತಿ ಹೆಚ್ಚು ಬೇಕಾಗಿದ್ದ ತಿಂಗಳಲ್ಲೇ ಹೀಗಾಯಿತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಆದದ್ದು ಇಷ್ಟು. ಡೊಮೇನನ್ನು ಮೊದಲು ಕೊಂಡಾಗ ಅಂದಿನ ಕಾರ್ಯದರ್ಶಿಗಳು ತಮ್ಮ ಮೊಬೈಲ್ ಸಂಖ್ಯೆಯನ್ನೂ ಗ್ರಂಥಾಲಯದ ಹೆಸರಿನ ಇ-ಮೇಲ್ ವಿಳಾಸವನ್ನೂ ನೀಡಿದ್ದರು. ಬಳಿಕ ಅವರು ಉದ್ಯೋಗಕ್ಕಾಗಿ ಗಲ್ಫಿಗೆ ಹೋದರು. ರೀಚಾರ್ಜ್ ಇಲ್ಲದ ಸಿಮ್ ರದ್ದಾಗಿ ಆ ಸಂಖ್ಯೆ ಬೇರೊಬ್ಬರ ಪಾಲಾಯಿತು. ಇನ್ನು ಆ ಇ-ಮೇಲ್ ಅದೇ ಡೊಮೇನಿನ ಮೇಲೆ ನಡೆಯುತ್ತಿದ್ದ ಇ-ಮೇಲ್. ಡೊಮೇನ್ ನಿಂತ ಕ್ಷಣದಿಂದ ಅದೂ ನಿಂತಿತು. ಪಾಸ್‌ವರ್ಡ್ ಮರಳಿ ಪಡೆಯಲು ಕಂಪನಿ ಕಳುಹಿಸುವ ಕೊಂಡಿ ಹೋಗಬೇಕಾದದ್ದು ನಿಂತುಹೋದ ಆ ಇ-ಮೇಲಿಗೆ, ಓಟಿಪಿ ಹೋಗಬೇಕಾದದ್ದು ಅಪರಿಚಿತರ ಕೈಯಲ್ಲಿರುವ ಮೊಬೈಲಿಗೆ. ಹಣ ಕಟ್ಟಲು ಸಮಿತಿ ಸಿದ್ಧವಿದ್ದರೂ ಕಟ್ಟುವ ದಾರಿಯೇ ಮುಚ್ಚಿತ್ತು. ಒಳ್ಳೆಯ ಮನಸ್ಸಿನಿಂದ, ಸಂಬಳವಿಲ್ಲದೆ ದುಡಿದ ಯಾವ ವ್ಯಕ್ತಿಯನ್ನೂ ದೂರುವುದು ನನ್ನ ಉದ್ದೇಶವಲ್ಲ. ಆ ಖಾತೆಯ ವಿವರ ಸಂಘದ ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಓದುಗರ ಅನುಕೂಲಕ್ಕಾಗಿ ಡೊಮೇನಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುತ್ತೇನೆ. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ. ಒಂದು ವರ್ಷದಿಂದ ಗರಿಷ್ಠ 10 ವರ್ಷದ ಅವಧಿಗೆ ನೋಂದಾಯಿಸಿಕೊಳ್ಳುತ್ತೇವೆ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದವುಗಳಿಗೆ 1998ರಲ್ಲಿ ಸ್ಥಾಪನೆಯಾದ ಐಕಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಡಾಟ್ ಇನ್ ವಿಳಾಸಗಳನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮಿಂದ ಹಣ ಪಡೆದು ನೋಂದಾಯಿಸಿಕೊಡುವ ಕಂಪನಿಗಳಿಗೆ ರಿಜಿಸ್ಟ್ರಾರ್ ಎಂದು ಹೆಸರು. ಐಕಾನ್ ನಿಯಮದಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಸುಮಾರು ಒಂದು ವಾರ ಮೊದಲು ಇನ್ನೊಮ್ಮೆ, ಮುಗಿದ ಐದು ದಿನಗಳೊಳಗೆ ಮತ್ತೊಮ್ಮೆ ಈ ಕಂಪನಿಗಳು ನೋಂದಾಯಿಸಿದವರಿಗೆ ಸೂಚನೆ ಕಳುಹಿಸಲೇಬೇಕು. ಆದರೆ ಸೂಚನೆ ಕಳುಹಿಸುವುದು ಮಾತ್ರ ಅವರ ಹೊಣೆ. ಅದು ಯಾರಾದರೂ ಓದುವ ಪೆಟ್ಟಿಗೆಗೆ ತಲುಪಿತೇ ಎಂದು ನೋಡುವ ಹೊಣೆ ಅವರದಲ್ಲ. ಅವಧಿ ಮುಗಿದ ಮೇಲೆ 45 ದಿನಗಳವರೆಗೆ ಸಾಮಾನ್ಯ ಶುಲ್ಕದಲ್ಲೇ ನವೀಕರಿಸಲು ಕಂಪನಿ ಅವಕಾಶ ಕೊಡಬಹುದು; ಕೊಡುವ ದಿನಗಳು ಕಂಪನಿಯಿಂದ ಕಂಪನಿಗೆ ಬೇರೆ, ತಾಣ ಮಾತ್ರ ಅಷ್ಟರೊಳಗೇ ಕಾಣದಂತಾಗಿರುತ್ತದೆ. ಆಮೇಲೆ ವಿಳಾಸವನ್ನು ಅಳಿಸಿದರೂ ಅದನ್ನು ಮರಳಿ ಪಡೆಯಲು 30 ದಿನಗಳ ಒಂದು ವಿಮೋಚನಾ ಅವಧಿ ಇದೆ, ಆದರೆ ಆಗ ಕೇಳುವ ಶುಲ್ಕ ಸಣ್ಣ ಸಂಘಗಳಿಗೆ ಭಾರವೆನಿಸುವಂತಹುದು. ಅದೂ ದಾಟಿ ಐದು ದಿನಗಳಾದರೆ ಆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಹೀಗೆ ಬಿಡುಗಡೆಯಾಗುವ ಹಳೆಯ ಹೆಸರುಗಳಿಗಾಗಿ ಕಾದು ಕುಳಿತು ಕೊಳ್ಳುವ ವ್ಯಾಪಾರವೇ ಇದೆ. ಶಾಲೆಯೊಂದರ ಹೆಸರಿನ ವಿಳಾಸದಲ್ಲಿ ಜೂಜಿನ ತಾಣ ತೆರೆದುಕೊಳ್ಳುವುದು ಇದೇ ಕಾರಣದಿಂದ.

ಅವಧಿ ಇನ್ನೂ ಉಳಿದಿರುವಾಗಲೇ ತಾಣ ನಿಲ್ಲುವುದೂ ಉಂಟು. ಹೊಸದಾಗಿ ನೋಂದಾಯಿಸಿದಾಗ ಅಥವಾ ನೋಂದಣಿದಾರರ ವಿವರ ಬದಲಿಸಿದಾಗ ರಿಜಿಸ್ಟ್ರಾರ್ ಕಂಪನಿಯಿಂದ ಒಂದು ದೃಢೀಕರಣದ ಮೇಲ್ ಬರುತ್ತದೆ. ಅದರಲ್ಲಿರುವ ಕೊಂಡಿಯನ್ನು 15 ದಿನಗಳೊಳಗೆ ಒತ್ತದಿದ್ದರೆ ಡೊಮೇನನ್ನು ಅಮಾನತಿನಲ್ಲಿ ಇಡಬಹುದೆಂದು ಐಕಾನ್ 2013ರ ಒಪ್ಪಂದದಲ್ಲೇ ಹೇಳಿದೆ. ಹೊಸ ಕಾರ್ಯದರ್ಶಿ ಬಂದು ಶಿಸ್ತಾಗಿ ತಮ್ಮ ಹೆಸರು, ವಿಳಾಸ ತಿದ್ದಿದ ಮೇಲೆ ತಾಣ ನಿಂತುಹೋದರೆ ಅವರಿಗಾಗುವ ಗಾಬರಿಯನ್ನು ಊಹಿಸಬಹುದು. ಇನ್ನೊಂದು ಕಡೆ, ನವೀಕರಣದ ಹೆಸರಿನಲ್ಲಿ ಹಣ ಕೀಳುವ ವಂಚಕ ಮೇಲ್‌ಗಳೂ ಸಾಕಷ್ಟು ಬರುತ್ತವೆ. ಅಪರಿಚಿತ ಕೊಂಡಿ ಒತ್ತಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ದಿನವೂ ಹೇಳುತ್ತಿರುವಾಗ ಎಚ್ಚರದ ಮನುಷ್ಯ ನಿಜವಾದ ಮೇಲನ್ನೂ ಅಳಿಸಿಹಾಕುತ್ತಾನೆ. ಅದನ್ನು ಅವನ ತಪ್ಪೆಂದು ನಾನು ಹೇಳಲಾರೆ. ಕೊಂಡಿ ಒತ್ತುವ ಬದಲು ನೇರವಾಗಿ ಕಂಪನಿಯ ಖಾತೆಗೆ ಲಾಗಿನ್ ಆಗಿ ನೋಡುವುದು ಸುರಕ್ಷಿತ ಮಾರ್ಗ, ಆದರೆ ಅದಕ್ಕೆ ಖಾತೆ ಯಾವ ಕಂಪನಿಯಲ್ಲಿದೆ ಎಂಬುದಾದರೂ ಗೊತ್ತಿರಬೇಕಲ್ಲ.

ಆಟೋ ರಿನ್ಯೂ, ಅಂದರೆ ತಾನಾಗಿ ನವೀಕರಣವಾಗುವ ಏರ್ಪಾಡು, ಹಾಕಿಟ್ಟಿದ್ದೇವೆ, ಚಿಂತೆಯಿಲ್ಲ ಎನ್ನುವವರು ಅನೇಕರಿದ್ದಾರೆ. ಅವರಿಗೆ ಒಂದು ವಿಷಯ ತಿಳಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಗ್ರಾಹಕರು ಮೊದಲೇ ಹೆಚ್ಚುವರಿ ದೃಢೀಕರಣದೊಂದಿಗೆ ಇ-ಮ್ಯಾಂಡೇಟ್, ಅಂದರೆ ಕಡಿತಕ್ಕೆ ಮುಂಗಡ ಅನುಮತಿ, ನೋಂದಾಯಿಸಿರಬೇಕು. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳುಹಿಸಬೇಕು. ಗ್ರಾಹಕರ ಹಿತಕ್ಕಾಗಿ ಮಾಡಿದ ಒಳ್ಳೆಯ ನಿಯಮವೇ ಇದು. ಆದರೆ ಅದಕ್ಕಿಂತ ಮೊದಲು ವಿದೇಶಿ ಕಂಪನಿಗಳ ಬಳಿ ಕಾರ್ಡಿನ ವಿವರ ಕೊಟ್ಟು ನಿಶ್ಚಿಂತರಾಗಿದ್ದವರ ಪಾವತಿಗಳು ಆ ಬಳಿಕ ನಿರಾಕರಣೆಯಾಗತೊಡಗಿದವು. ಕಾರ್ಡಿನ ಅವಧಿ ಮುಗಿದು ಹೊಸ ಸಂಖ್ಯೆಯ ಕಾರ್ಡು ಬಂದರೂ ಪರಿಣಾಮ ಅದೇ. ಪರದೆಯ ಮೇಲೆ ಆಟೋ ರಿನ್ಯೂ ಎಂಬ ಹಸಿರು ಗುರುತು ಮಾತ್ರ ಹಾಗೆಯೇ ಉಳಿದಿರುತ್ತದೆ.

ಹಳ್ಳಿಯ ಸಂಘಗಳಿಗೆ ವ್ಯವಸ್ಥೆ ತಿಳಿಯದು, ಅದಕ್ಕೇ ಹೀಗಾಗುತ್ತದೆ ಎಂದು ನಗರದ ಸ್ನೇಹಿತರು ಹೇಳಿದ್ದನ್ನು ಕೇಳಿದ್ದೇನೆ. ಆ ಮಾತು ಸರಿಯಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಡೊಮೇನಿನ 35 ಡಾಲರ್ ಶುಲ್ಕ ಕಟ್ಟಲು ಮರೆತು ಹಾಟ್‌ಮೇಲ್ ಬಳಕೆದಾರರಿಗೆ ತೊಂದರೆಯಾದಾಗ, ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ ಆ ಹಣ ಕಟ್ಟಿದ. 2009ರ ಅಕ್ಟೋಬರಿನಲ್ಲಿ ಸ್ವೀಡನ್ ದೇಶದ ಡಾಟ್ ಎಸ್ಇ ವಿಳಾಸಗಳೆಲ್ಲ ಒಟ್ಟಿಗೆ ತೆರೆಯದಂತಾದವು. ದಾಖಲೆ ಪಟ್ಟಿಯನ್ನು ಹೊಸದಾಗಿ ತಯಾರಿಸುವ ಪ್ರೋಗ್ರಾಮಿನಲ್ಲಿ ಹೆಸರಿನ ಕೊನೆಗೆ ಇರಬೇಕಾದ ಒಂದು ಚುಕ್ಕಿ ಬಿಟ್ಟುಹೋಗಿತ್ತು. ಒಂದು ಚುಕ್ಕಿಗೆ ಒಂದು ದೇಶದ ಜಾಲತಾಣಗಳು ನಿಂತವು. ಚೆನ್ನೈಯ ಜೋಹೋ ಕಂಪನಿಯ ಡೊಮೇನನ್ನು 2018ರ ಸೆಪ್ಟೆಂಬರ್ 24ರಂದು ಅದರ ಅಮೆರಿಕದ ರಿಜಿಸ್ಟ್ರಾರ್ ಬೆರಳೆಣಿಕೆಯ ದೂರುಗಳ ಆಧಾರದ ಮೇಲೆ ಅಮಾನತುಗೊಳಿಸಿತು. ಲಕ್ಷಾಂತರ ಜನರ ಕಚೇರಿ ಇ-ಮೇಲ್ ನಿಂತು, ಕಂಪನಿಯ ಮುಖ್ಯಸ್ಥರೇ ಟ್ವಿಟರಿನಲ್ಲಿ ಸಹಾಯ ಕೋರಬೇಕಾಯಿತು. 2025ರ ಏಪ್ರಿಲ್ 16ರಂದು ಜೂಮ್ ಸೇವೆ ಸುಮಾರು ಎರಡು ಗಂಟೆ ನಿಂತದ್ದಕ್ಕೆ, ಅದರ ರಿಜಿಸ್ಟ್ರಾರ್ ಕಂಪನಿಗೂ ಡಾಟ್ ಯುಎಸ್ ವಿಳಾಸಗಳನ್ನು ನೋಡಿಕೊಳ್ಳುವ ಸಂಸ್ಥೆಗೂ ನಡುವೆ ನಡೆದ ಸಂವಹನದ ತಪ್ಪು ಕಾರಣವೆಂದು ಜೂಮ್ ಹೇಳಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು 2016ರ ಜೂನಿನ ಘಟನೆ. ಕಿವುಡರು ಸಂಜ್ಞೆಯ ಭಾಷೆಯಲ್ಲಿ ದೂರವಾಣಿ ಕರೆ ಮಾಡಲು ನೆರವಾಗುವ ಸೊರೆನ್ಸನ್ ಎಂಬ ಅಮೆರಿಕದ ಸಂಸ್ಥೆ ತನ್ನ ಒಂದು ಡೊಮೇನನ್ನು ನವೀಕರಿಸದೆ ಬಿಟ್ಟದ್ದರಿಂದ ಆ ಸೇವೆ ನಿಂತುಹೋಯಿತು. ಅದರೊಂದಿಗೆ ಕಿವುಡರು 911 ಎಂಬ ತುರ್ತು ಸಂಖ್ಯೆಗೆ ಕರೆ ಮಾಡುವ ದಾರಿಯೂ ಮುಚ್ಚಿತು. ಅಲ್ಲಿನ ಸಂಪರ್ಕ ಆಯೋಗ ಅದನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಸಂಸ್ಥೆ 2,52,000 ಡಾಲರ್ ದಂಡ ತೆತ್ತು, ಅದಲ್ಲದೆ 27 ಲಕ್ಷ ಡಾಲರ್ ಹಣವನ್ನು ಸಾರ್ವಜನಿಕ ನಿಧಿಗೆ ಮರಳಿಸಬೇಕಾಯಿತು. ಒಂದು ನವೀಕರಣ ತಪ್ಪಿದರೆ ಸಾರ್ವಜನಿಕ ಹೊಣೆ ತಪ್ಪಿದಂತೆ ಎಂದು ಒಂದು ಸರ್ಕಾರಿ ಆಯೋಗ ಕಂಡಿತು ಎಂಬುದನ್ನು ನಾವು ಗಮನಿಸಬೇಕು.

ದೊಡ್ಡ ಕಂಪನಿಗಳಿಗೂ ನಮಗೂ ಇರುವ ವ್ಯತ್ಯಾಸ ತಪ್ಪಿನಲ್ಲಿಲ್ಲ, ತಿದ್ದಿಕೊಳ್ಳುವ ಅವಕಾಶದಲ್ಲಿದೆ. ಜೂಮ್ ಕಂಪನಿಗೆ ಎರಡು ಗಂಟೆಯಲ್ಲಿ ಪರಿಹಾರ ಸಿಕ್ಕಿತು. ನೀರ್ಚಾಲಿನಿಂದಲೋ ಮುಳ್ಳೇರಿಯದಿಂದಲೋ ಬರೆದುಕೊಂಡವರಿಗೆ ಮೊದಲು ಬರುವುದು ಯಂತ್ರದ ಉತ್ತರ, ಅದಾದ ಮೇಲೆ ದಾಖಲೆ ಕೊಡಿ ಎಂಬ ಬೇಡಿಕೆ. ದಾಖಲೆಯ ವಿಷಯದಲ್ಲಿ ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ಸಂಘದ ಮೊಹರು ಕನ್ನಡದಲ್ಲಿ, ಸರ್ಕಾರಿ ಪತ್ರ ವ್ಯವಹಾರ ಮಲಯಾಳದಲ್ಲಿ, ಡೊಮೇನಿನ ಅರ್ಜಿ ಇಂಗ್ಲಿಷಿನಲ್ಲಿ. ಒಂದರಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬ್ಳ. ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಇಂಗ್ಲಿಷ್ ಅಕ್ಷರಗಳಲ್ಲಿ ಕಾಸರಗೋಡನ್ನೇ ಎರಡು ಮೂರು ರೀತಿಯಲ್ಲಿ ಬರೆಯುವುದು ರೂಢಿಯಲ್ಲಿದೆ. ಎರಡೂ ಒಂದೇ ಊರು, ಒಂದೇ ಸಂಘ ಎಂದು ದೂರದ ದೇಶದ ಒಬ್ಬ ಸಿಬ್ಬಂದಿಗೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ವಿಮೋಚನಾ ಅವಧಿಯೇ ಮುಗಿದುಹೋಗಬಹುದು. ಆದ್ದರಿಂದ ಡೊಮೇನ್ ನೋಂದಾಯಿಸುವಾಗ ಸಂಘದ ನೋಂದಣಿ ಪ್ರಮಾಣಪತ್ರದಲ್ಲಿರುವ ಹೆಸರನ್ನು, ಪಾನ್ ಕಾರ್ಡಿನಲ್ಲಿರುವ ಕಾಗುಣಿತವನ್ನು ಅಕ್ಷರ ಬಿಡದೆ ಅನುಸರಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೋಂದಣಿದಾರರ ಜಾಗದಲ್ಲಿ ಯಾರ ಹೆಸರಿದೆ ಎಂಬುದನ್ನು. ಅನೇಕ ಕಡೆ ಅಲ್ಲಿ ಸಂಘದ ಹೆಸರೇ ಇರುವುದಿಲ್ಲ. ತಾಣ ಮಾಡಿಕೊಟ್ಟ ವೆಬ್ ಡಿಸೈನರ್ ಹೆಸರಿರುತ್ತದೆ, ಇಲ್ಲವೇ ಉತ್ಸಾಹದಿಂದ ಓಡಾಡಿದ ಒಬ್ಬ ಯುವಕನ ಹೆಸರು. ಹಣ ಕೊಟ್ಟದ್ದು ಸಂಘವಾದರೂ ಕಂಪನಿಯ ದೃಷ್ಟಿಯಲ್ಲಿ ಹಕ್ಕುದಾರ ಆ ವ್ಯಕ್ತಿಯೇ. ಗ್ರಾಮ ಕಚೇರಿಯ ವ್ಯವಹಾರ ತಿಳಿದ ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ: ಕ್ರಯಪತ್ರ ಕೈಯಲ್ಲಿದ್ದರೂ ಪೋಕುವರವು (ಭೂದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ತಂಡಪ್ಪೇರು (ಭೂತೆರಿಗೆಯ ಖಾತೆ) ಬದಲಿಸಿಕೊಳ್ಳದವನು ತೆರಿಗೆ ಕಟ್ಟಲು ಹೋದಾಗ ಹಿಂದಿನ ಯಜಮಾನನ ಹೆಸರೇ ಎದುರಾಗುತ್ತದೆ. ಆ ಡಿಸೈನರ್ ಕೆಲಸ ಬದಲಿಸಿದರೆ, ಊರು ಬಿಟ್ಟರೆ, ತೀರಿಕೊಂಡರೆ ಸಂಘಕ್ಕೆ ಗತಿಯಿಲ್ಲ. ಮಂಗಳೂರು ಮತ್ತು ಕಾಸರಗೋಡಿನ ವೆಬ್ ಡಿಸೈನರ್‌ಗಳಲ್ಲಿ ನನ್ನ ವಿನಂತಿ, ಕೆಲಸ ಒಪ್ಪಿಸುವಾಗ ತಾಣದ ಜೊತೆಗೆ ಡೊಮೇನ್ ಖಾತೆಯನ್ನೂ ಸಂಘದ ಹೆಸರಿಗೆ ಒಪ್ಪಿಸಿ, ಅವಧಿ ಮುಗಿಯುವ ದಿನಾಂಕವನ್ನು ರಶೀದಿಯಲ್ಲೇ ಬರೆದುಕೊಡಿ.

ಸಂಪರ್ಕದ ಇ-ಮೇಲ್ ವ್ಯಕ್ತಿಯದ್ದಾಗಿರದೆ ಹುದ್ದೆಯದ್ದಾಗಿರಬೇಕು, ಅದೂ ಬೇರೊಂದು ಸೇವೆಯಲ್ಲಿ ತೆರೆದದ್ದಾಗಿರಬೇಕು, ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರೂ ಅದನ್ನು ತೆರೆದು ಓದುವಂತಿರಬೇಕು. ಅನುಕೂಲವಿರುವ ಸಂಘಗಳು ವರ್ಷ ವರ್ಷ ಕಟ್ಟುವ ಬದಲು ಐದು ಅಥವಾ 10 ವರ್ಷಕ್ಕೆ ಒಮ್ಮೆಲೇ ಕಟ್ಟಬಹುದು. ಆದರೆ ಹಾಗೆ ಕಟ್ಟಿದವರು ಹೆಚ್ಚು ಜಾಗರೂಕರಾಗಿರಬೇಕು. 10 ವರ್ಷದ ಬಳಿಕ ಆ ಸಮಿತಿಯಲ್ಲಿ ಈಗಿನವರು ಯಾರೂ ಇರದಿರಬಹುದು. ಇದಕ್ಕೆ ಹೊಸ ವ್ಯವಸ್ಥೆ ಹುಡುಕಬೇಕಾಗಿಲ್ಲ. ಮಲಬಾರ್ ಭಾಗದ ಸಂಘಗಳು 1860ರ ಸಂಘಗಳ ನೋಂದಣಿ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಆ ಕಾಯಿದೆಯ ನಾಲ್ಕನೆಯ ಕಲಮಿನಂತೆ ವಾರ್ಷಿಕ ಮಹಾಸಭೆ ನಡೆದ 14 ದಿನಗಳೊಳಗೆ ಹೊಸ ಆಡಳಿತ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸುತ್ತೇವೆ. ಆ ಪಟ್ಟಿ ಸಿದ್ಧಪಡಿಸುವ ದಿನವೇ ಡೊಮೇನ್ ಖಾತೆಯ ಹೆಸರು, ಇ-ಮೇಲ್, ಮೊಬೈಲ್, ಪಾವತಿಯ ಕಾರ್ಡು ಇವುಗಳನ್ನೂ ತಿದ್ದಿ, ಯಾವ ಕಂಪನಿ, ಯಾವ ದಿನಾಂಕ ಎಂಬುದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಸಾಕು. ಬ್ಯಾಂಕ್ ಖಾತೆಯ ಸಹಿ ಬದಲಾವಣೆಗೆ ಕೊಡುವ ಗಮನದಲ್ಲಿ ಸ್ವಲ್ಪ ಭಾಗ ಇದಕ್ಕೂ ಸಿಗಲಿ.

ಅಧಿಕಾರದಲ್ಲಿರುವವರಲ್ಲಿಯೂ ಕೇಳಬೇಕಾದದ್ದಿದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ವಿಳಾಸ ಪಡೆಯುವ ಅವಕಾಶವನ್ನು ನಿಕ್ಸಿ ಕಲ್ಪಿಸಿದೆ. ವಿಳಾಸ ಕನ್ನಡದಲ್ಲಿ ದೊರೆಯುವಾಗ ಅದರ ಅವಧಿ ಮುಗಿಯುವ ಸೂಚನೆಯೂ ಕನ್ನಡದಲ್ಲಿ ದೊರೆಯಬೇಕು, ಇ-ಮೇಲಿಗೆ ಮಾತ್ರವಲ್ಲದೆ ಮೊಬೈಲಿಗೂ ಬರಬೇಕು, ಒಬ್ಬರಿಗಲ್ಲ ಇಬ್ಬರಿಗೆ ಬರಬೇಕು. ಡಾಟ್ ಇನ್ ಮತ್ತು ಡಾಟ್ ಭಾರತ ವಿಳಾಸಗಳನ್ನು ಮಾರುವ ರಿಜಿಸ್ಟ್ರಾರ್ ಕಂಪನಿಗಳಿಗೆ ಇದನ್ನು ಷರತ್ತಾಗಿ ವಿಧಿಸಲು ನಿಕ್ಸಿಗೆ ಸಾಧ್ಯವಿದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಗಡಿಯಾಚೆಗಿನ ಕನ್ನಡ ಸಂಸ್ಥೆಗಳಿಗೆ ನೆರವು ನೀಡುತ್ತಿರುವುದು ಸ್ತುತ್ಯ. ಅಂತಹ ನೆರವಿನಲ್ಲಿ ಜಾಲತಾಣದ ಖರ್ಚು ಸೇರಿದ್ದರೆ ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ಇರಬೇಕೆಂಬ ಷರತ್ತನ್ನೂ, ಕನಿಷ್ಠ ಐದು ವರ್ಷದ ನವೀಕರಣ ಶುಲ್ಕವನ್ನೂ ಅದರಲ್ಲಿ ಸೇರಿಸಬೇಕೆಂದು ಪ್ರಾಧಿಕಾರವನ್ನು ವಿನಂತಿಸುತ್ತೇನೆ.

ನಮ್ಮ ಗ್ರಂಥಾಲಯದ ವಿಷಯದಲ್ಲಿ ಮಾಜಿ ಕಾರ್ಯದರ್ಶಿಗಳು ಗಲ್ಫಿನಿಂದಲೇ ತಮ್ಮ ಗುರುತಿನ ದಾಖಲೆ ಕಳುಹಿಸಿ, ಕಂಪನಿಯೊಂದಿಗೆ ತಾಳ್ಮೆಯಿಂದ ವ್ಯವಹರಿಸಿದ್ದರಿಂದ ವಿಮೋಚನಾ ಅವಧಿಯೊಳಗೆ ವಿಳಾಸ ಮರಳಿ ದೊರೆಯಿತು. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು. ಅವರು ಸಿಗದೇ ಹೋಗಿದ್ದರೆ ಆ ಹೆಸರು ನಮ್ಮ ಕೈತಪ್ಪುತ್ತಿತ್ತು. ಪುಸ್ತಕಗಳಲ್ಲಿ, ಆಮಂತ್ರಣಗಳಲ್ಲಿ, ಶಾಲೆಯ ಸೂಚನಾ ಫಲಕಗಳಲ್ಲಿ ಅಚ್ಚಾಗಿದ್ದ ಆ ವಿಳಾಸವನ್ನು ನಂಬಿ ಬರುವ ಮಕ್ಕಳು ಮುಂದೆ ಯಾರ ತಾಣಕ್ಕೆ ಹೋಗಿ ಬೀಳುತ್ತಿದ್ದರೋ ತಿಳಿಯದು.

ಯಾವುದೇ ಡೊಮೇನಿನ ಅವಧಿ ಎಂದು ಮುಗಿಯುತ್ತದೆ, ಅದು ಯಾವ ಕಂಪನಿಯ ಮೂಲಕ ನೋಂದಣಿಯಾಗಿದೆ ಎಂಬುದನ್ನು ಐಕಾನ್ ತಾಣದ ಹುಡುಕಾಟದ ಪುಟದಲ್ಲಿ, ಡಾಟ್ ಇನ್ ವಿಳಾಸವಾದರೆ ನಿಕ್ಸಿಯ ತಾಣದಲ್ಲಿ ಯಾರೂ ನೋಡಬಹುದು. ಅದಕ್ಕೆ ಪಾಸ್‌ವರ್ಡೂ ಬೇಡ, ಹಣವೂ ಬೇಡ. ಈ ವರ್ಷದ ಮಹಾಸಭೆಗೆ ಮೊದಲು ಜಿಲ್ಲೆಯ ಪ್ರತಿಯೊಂದು ಕನ್ನಡ ಸಂಸ್ಥೆಯ ಕಾರ್ಯದರ್ಶಿಗಳು ತಮ್ಮ ತಾಣದ ವಿಳಾಸವನ್ನು ಅಲ್ಲಿ ಒಮ್ಮೆ ಹಾಕಿ ನೋಡಿ, ಬಂದ ದಿನಾಂಕವನ್ನು ಸಭೆಯಲ್ಲಿ ಓದಿ ಹೇಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮೀಣ ಗ್ರಂಥಾಲಯವೊಂದರ ಕಾರ್ಯಕಾರಿ ಸಮಿತಿಯ ಸದಸ್ಯ,
ಬದಿಯಡ್ಕ, ಕಾಸರಗೋಡು ಜಿಲ್ಲೆ